ಗಾಳದ ಗ್ರಂಥಗಳು

ವಾಙ್ಮಯವನ್ನು ಶಾಸ್ತ್ರವೆಂದೂ ಕಾವ್ಯವೆಂದೂ ಎರಡಾಗಿ ವಿಂಗಡಿಸುವುದು ನಮ್ಮ ಆಲಂಕಾರಿಕರ ಪದ್ಧತಿ. ಈ ಎರಡು ಪಂಕ್ತಿಗಳಲ್ಲಿ ಯಾವುದರಲ್ಲಿಯೂ ಎಲೆ ಹಾಕಿಸಿಕೊಳ್ಳದೆ ಬಾಗಿಲಲ್ಲಿಯೇ ನಿಂತಿರುವ ಗ್ರಂಥಗಳು ಕೆಲವುಂಟು. ಅಡಿಗೆಯ ಪುಸ್ತಕ, ಕುದುರೆಯನ್ನು ಸಾಕುವ ಪುಸ್ತಕ, ತೋಟ ಹಾಕುವ ಪುಸ್ತಕ, ಮೀನು ಹಿಡಿಯುವ ಪುಸ್ತಕ ಇವೇ ಮೊದಲಾದವು ಆ ಜಾತಿಗೆ ಸೇರಿದವು. ಬರೆದವರು ಉಪಯೋಗಕ್ಕೆಂದು ಬರೆದರು. ಉಪಯೋಗವು ತೀರಿದೊಡನೆ ಅವು ಹಳೆಯ ಕಾಗದದ ಅಂಗಡಿಯ ತಕ್ಕಡಿಯನ್ನು ಏರುವುವು. ಆದರೆ ಉಪಯೋಗವು ತೀರಿದ ಮೇಲೆಯೇ ಇವುಗಳಲ್ಲಿ ಕೆಲವಕ್ಕೆ ಎರಡನೆಯ ಆಯುಸ್ಸು ಬರುವುದೆಂಬುದು ನನ್ನ ಅಭಿಪ್ರಾಯ. ಗಾಳ ಹಾಕಿ ಮೀನು ಹಿಡಿಯುವುದನ್ನು ಕುರಿತ ಹಳೆಯ ಗ್ರಂಥಗಳು ಇಂಥವುಗಳಲ್ಲಿ ಮುಖ್ಯವಾದವು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದಂದಿನಿಂದ ಇವನ್ನು ಕೂಡಿಹಾಕುತ್ತಲೂ ಓದುತ್ತಲೂ ಇದ್ದೇನೆ. ಅವುಗಳ ಗುಣದೋಷಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೀನನ್ನು ತಿನ್ನದವನಿಗೆ, ಗಾಳವನ್ನು ಕೈಯಿಂದ ಮುಟ್ಟದವನಿಗೆ, ಪಾಠಶಾಲೆಯಲ್ಲಿ ಲಘುಕೌಮುದಿಯನ್ನು ಉರುಹೊಡೆದವನಿಗೆ ಈ ಪುಸ್ತಕಗಳೇಕೆ ಎಂದು ಮನೆಯಲ್ಲಿಯೂ ಹೊರಗೂ ಕೇಳಿದವರುಂಟು. ದ್ರೋಣಪರ್ವವನ್ನು ಓದುವವರೆಲ್ಲರೂ ಬಿಲ್ಲು ಹಿಡಿದವರೇ? ಶಾಕುಂತಲವು ಒಂದು ಜಿಂಕೆಯ ಬೆನ್ನಟ್ಟುವ ರಥದಿಂದ ಮೊದಲಾಗುತ್ತದೆ. ಅದನ್ನು ಓದಿ ಆನಂದಿಸುವ ಸಾತ್ವಿಕರು ಆ ಬಾಣವನ್ನು ತಾವು ಬಿಡುವುದಿಲ್ಲ, ಆದರೂ ಆ ಜಿಂಕೆಯ ಓಟವನ್ನು ನೋಡದೆ ಬಿಡುವುದೂ ಇಲ್ಲ. ಓದುವವನಿಗೆ ಬೇಕಾದುದು ನೋಟ. ನಮ್ಮ ಕವಿಗಳು ಮೃಗಯೆಗೆ ಧಾರಾಳವಾಗಿ ಸ್ಥಳ ಕೊಟ್ಟರು, ಜಲಕ್ರೀಡೆಗೆ ಅದಕ್ಕಿಂತಲೂ ಧಾರಾಳವಾಗಿ ಕೊಟ್ಟರು. ಅದೇ ನೀರಿನ ದಡದಲ್ಲಿ ಗಾಳ ಹಿಡಿದು ಸುಮ್ಮನೆ ಕುಳಿತವನನ್ನು ಮಾತ್ರ ಅಷ್ಟಾದಶ ವರ್ಣನೆಗಳಲ್ಲಿ ಒಂದಕ್ಕೂ ಸೇರಿಸಲಿಲ್ಲ. ಹಿಂಸೆಯೇ ಕಾರಣವೆಂದರೆ ಬೇಟೆಯಲ್ಲಿಯೂ ಹಿಂಸೆಯುಂಟು. ಸುಮ್ಮನೆ ಕುಳಿತವನಲ್ಲಿ ವೀರರಸವು ಹುಟ್ಟಲಾರದೆಂಬುದೇ ಕಾರಣವಿರಬೇಕು.

ಇಂಗ್ಲಿಷರ ಸಾಹಿತ್ಯದಲ್ಲಿ ಇದರ ಸ್ಥಿತಿಯು ಬೇರೆ. ಆ ಭಾಷೆಯಲ್ಲಿ ಅಚ್ಚಾದ ಮೊದಲ ಗಾಳದ ಗ್ರಂಥವು ೧೪೯೬ರದು. ೧೬೫೩ರಲ್ಲಿ ಐಸಾಕ್ ವಾಲ್ಟನನು ಬರೆದ ‘ದಿ ಕಂಪ್ಲೀಟ್ ಆಂಗ್ಲರ್’ ಎಂಬುದು ನಮ್ಮ ಆಖ್ಯಾನಗಳಂತೆ ಸಂವಾದರೂಪವಾಗಿದ್ದು, ಮೂರೂವರೆ ಶತಮಾನಗಳಾದರೂ ಇನ್ನೂ ಅಚ್ಚಾಗುತ್ತಿರುವುದು. ಕಾಲಕ್ರಮದಲ್ಲಿ ಆ ದೇಶದವರು ಮೀನುಗಳಲ್ಲಿಯೂ ಜಾತಿಭೇದವನ್ನು ಕಲ್ಪಿಸಿದರು. ಸಾಮನ್, ಟ್ರೌಟ್ ಇವು ಕುಲೀನವಾದವು. ಗೆಂಡೆಯ ಕುಲದವೂ, ಕೆರೆ ಕಾಲುವೆಗಳಲ್ಲಿ ಕೆಸರು ಕೆದಕಿ ಬದುಕುವ ಮಿಕ್ಕವೂ ‘ಕೋರ್ಸ್’, ಅಂದರೆ ಒರಟು ಮೀನುಗಳು. ಒರಟು ಮೀನುಗಳನ್ನು ಮರಿಹಾಕುವ ಕಾಲದಲ್ಲಿ ಹಿಡಿಯಕೂಡದೆಂದು ೧೮೭೮ರಲ್ಲಿ ಶಾಸನವೇ ಆಯಿತು. ಕುಲೀನ ಮೀನು ಹರಿಯುವ ಹೊಳೆಯು ಜಮೀನುದಾರನದು. ಒರಟು ಮೀನಿನ ಕಾಲುವೆಯ ದಡದಲ್ಲಿ ಭಾನುವಾರ ಕುಳಿತವನು ಗಿರಣಿಯ ಕೂಲಿ, ಅಂಗಡಿಯ ಗುಮಾಸ್ತ. ಆದ್ದರಿಂದ ಪುಸ್ತಕಗಳಲ್ಲಿಯೂ ಎರಡು ಪಂಗಡಗಳಾದುವು. ಒಂದರಲ್ಲಿ ವೈಭವವುಂಟು, ಇನ್ನೊಂದರಲ್ಲಿ ತಾಳ್ಮೆಯುಂಟು. ಈ ಭೇದವನ್ನು ಕಂಡು ನಗುವ ಅಧಿಕಾರವು ನಮ್ಮ ದೇಶದವರಿಗಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕುಲವಿಚಾರವನ್ನು ಕಟ್ಟಿಕೊಂಡು ಇಂಗ್ಲಿಷರು ನಮ್ಮ ದೇಶಕ್ಕೆ ಬಂದಾಗ ಒಂದು ವಿನೋದವು ನಡೆಯಿತು. ಕಾವೇರಿ, ಕಬಿನಿಗಳ ಮಡುಗಳಲ್ಲಿ ಅವರನ್ನು ಎದುರುಗೊಂಡ ಮಹಾಶೀರ್ ಮೀನು, ನಮ್ಮವರು ಬಿಳಿಮೀನೆನ್ನುವುದು, ಹುಟ್ಟಿನಿಂದ ಗೆಂಡೆಯ ಕುಲಕ್ಕೇ ಸೇರಿದುದು. ಅವರ ಶಾಸ್ತ್ರದಂತೆ ಅದು ಒರಟು ಮೀನು. ಆದರೆ ಗಾಳಕ್ಕೆ ಸಿಕ್ಕಿದೊಡನೆ ಅದು ದಾರವನ್ನು ಎಳೆದುಕೊಂಡು ಬಂಡೆಗಳ ನಡುವೆ ಓಡಿದ ಓಟವನ್ನು ಕಂಡ ಮೇಲೆ, ತೂಕಕ್ಕೆ ತೂಕವಿಟ್ಟರೆ ಸಾಮನ್ ಇದಕ್ಕೆ ಸಮನಲ್ಲವೆಂದು ಅವರೇ ಬರೆಯಬೇಕಾಯಿತು. ಕುಲವು ಹೊಳೆಯ ನೀರಿನಲ್ಲಿ ತೊಳೆದುಹೋಯಿತು.

ಹೀಗೆ ಬರೆದವರಲ್ಲಿ ಮೊದಲಿಗನು ಹೆನ್ರಿ ಸಲಿವನ್ ಥಾಮಸನು. ಮದ್ರಾಸಿನ ಸಿವಿಲ್ ಸರ್ವಿಸಿಗೆ ಸೇರಿ ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದ ಈತನು ೧೮೭೦ರಲ್ಲಿ ಆ ಜಿಲ್ಲೆಯ ಮತ್ಸ್ಯಕೃಷಿಯ ವಿಷಯವಾಗಿ ಒಂದು ವರದಿಯನ್ನೂ, ೧೮೭೩ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನೂ ಬರೆದನು. ಎರಡನೆಯದರ ಮೊದಲ ಮುದ್ರಣವು ಲಂಡನ್ನಿನಲ್ಲಿ ಆದುದಲ್ಲ, ಮಂಗಳೂರಿನಲ್ಲಿ ಆದುದು. ೧೮೪೩ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯು ಹೊರಟ ಊರಿನಲ್ಲಿ, ೧೮೯೪ರಲ್ಲಿ ಕಿಟ್ಟೆಲರ ನಿಘಂಟು ಹೊರಡಲಿದ್ದ ಊರಿನಲ್ಲಿ, ಇಂಡಿಯದ ಗಾಳಗಾರರೆಲ್ಲರಿಗೂ ವೇದವಾದ ಈ ಪುಸ್ತಕವೂ ಹುಟ್ಟಿತೆಂಬುದು ಕನ್ನಡಿಗರಿಗೆ ಸಂತೋಷವನ್ನುಂಟುಮಾಡತಕ್ಕ ಸಂಗತಿ. ೧೮೮೧ರಲ್ಲಿಯೂ ೧೮೯೭ರಲ್ಲಿಯೂ ಇದು ಪರಿಷ್ಕೃತವಾಗಿ ಲಂಡನ್ನಿನಲ್ಲಿ ಮತ್ತೆ ಅಚ್ಚಾಯಿತು.

ಥಾಮಸನ ಶೈಲಿಯು ಸರ್ಕಾರಿ ಅಧಿಕಾರಿಯದಲ್ಲ. ಜಗುಲಿಯ ಮೇಲೆ ಕುಳಿತು ಹೊತ್ತುಹೋಗುವವರೆಗೆ ಮಾತನಾಡುವ ಹಿರಿಯನದು. ಮಹಾಶೀರಿನ ವಿಷಯವನ್ನು ಹೇಳಹೊರಟವನು ನಡುವೆ ಮತ್ತೊಂದನ್ನು ನೆನೆದು ಅತ್ತ ತಿರುಗುತ್ತಾನೆ, ಹಾಸ್ಯಮಾಡುತ್ತಾನೆ, ಮತ್ತೆ ದಾರಿಗೆ ಬಂದು, ಗಾಳದ ಗಂಟನ್ನು ಹೀಗೆಯೇ ಹಾಕಬೇಕು ಎಂದು ಗುರುವಿನಂತೆ ಗದರುತ್ತಾನೆ. ಅವನಿಗೆ ಮೀನನ್ನು ಹಿಡಿಯುವ ಆಸೆಯೆಷ್ಟೋ ಅದು ಹೊಳೆಯಲ್ಲಿ ಉಳಿಯಬೇಕೆಂಬ ಕಳವಳವೂ ಅಷ್ಟೇ. ಮರಿಗಳು ನುಸುಳಲಾರದ ಸಣ್ಣ ಕಣ್ಣಿನ ಬಲೆಗಳನ್ನೂ, ಹೊಳೆಗೆ ವಿಷ ಬೆರಸುವುದನ್ನೂ ಅವನು ಬಹಳವಾಗಿ ಖಂಡಿಸಿದನು. ನೀರಿಗೆ ವಿಷವನ್ನೂ ಸಿಡಿಮದ್ದನ್ನೂ ಹಾಕಿ ಮೀನು ಕೊಲ್ಲುವುದನ್ನು ನಿಷೇಧಿಸುವ ಇಂಡಿಯದ ಮೀನುಗಾರಿಕೆಯ ಶಾಸನವು ೧೮೯೭ರಲ್ಲಿ ಆಯಿತು. ಅವನ ಗ್ರಂಥದ ಮೂರನೆಯ ಮುದ್ರಣವು ಹೊರಟ ವರ್ಷವೂ ಅದೇ.

ಇಷ್ಟೆಲ್ಲ ಹೇಳಿದ ಮೇಲೂ, ರಸಿಕರು ಹೆಚ್ಚು ಆದರಿಸಬೇಕಾದುದು ಥಾಮಸನ ಇನ್ನೊಂದು ಗ್ರಂಥವೆಂದು ನನ್ನ ಮತ. ಅದು ೧೮೮೭ರಲ್ಲಿ ಪ್ರಕಟವಾದ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂಬುದು. ಮೊದಲನೆಯದರಲ್ಲಿ ಕಾಡು, ಬಂಡೆ, ಬಿಳಿನೊರೆ, ಮಹಾಮೀನು. ಇದರಲ್ಲಿ ಬರಿಯ ಕೆರೆ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವವನಿಗೆ ದಾರಿಯಲ್ಲಿ ಕಾಣುವಂತಹ ಏರಿ, ತೂಬು, ಕೋಡಿ, ಜೊಂಡು, ನೀರಿನ ಮೇಲೆ ಅಲುಗಾಡದ ಬೆಂಡು. ಮೀನು ಬಂದು ಸೇರಲೆಂದು ಮುಂಚಿತವಾಗಿ ತಿಂಡಿಯನ್ನು ಚೆಲ್ಲುವುದು, ಸಣ್ಣ ಗಾಳ, ಸಣ್ಣ ದಾರ, ಬಹಳ ಕಾಯುವಿಕೆ. ಇಲ್ಲಿ ಬರೆಯುವವನಿಗೆ ಸಾಹಸದ ಆಸರೆಯಿಲ್ಲ. ಬೆಂಡು ಒಂದು ಸಲ ನಡುಗಿ ನಿಂತರೆ ಅದನ್ನೇ ಒಂದು ಸಂಗತಿಯಾಗಿ ಮಾಡಬೇಕು. ಬೆಂಡು ಓರೆಯಾದರೆ ಒಂದರ್ಥ, ಮುಳುಗಿದರೆ ಒಂದರ್ಥ, ಮೇಲಕ್ಕೆದ್ದು ಮಲಗಿದರೆ ಬೇರೊಂದರ್ಥ. ಅಭಿಧೆಯಿಂದ ಹೇಳಲಾಗದೆ ಧ್ವನಿಯಿಂದ ತಿಳಿಯಬೇಕಾದ ವ್ಯಾಪಾರವಿದು. ನೀರಿನ ಕೆಳಗಣ ಮೀನು ವ್ಯಂಗ್ಯಾರ್ಥ, ಮೇಲಣ ಬೆಂಡು ವ್ಯಂಜಕ. ಆನಂದವರ್ಧನನು ಒಪ್ಪುವನೋ ಇಲ್ಲವೋ, ಒರಟು ಮೀನಿನ ಗ್ರಂಥಗಳ ಸ್ವಾರಸ್ಯವು ನನಗೆ ತಿಳಿದುದು ಹೀಗೆ. ಮಹಾಮೀನಿನ ಪುಸ್ತಕಗಳು ಒಂದು ಸಲ ಓದಿಸಿಕೊಳ್ಳುತ್ತವೆ. ಕೆರೆಯ ಪುಸ್ತಕವನ್ನು ವರ್ಷಕ್ಕೊಮ್ಮೆ ತೆಗೆಯಬಹುದು.

ಕೂಡಿಹಾಕುವ ಸುಖವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಹುಣಸೂರು ಕೊಡಗಿನ ದಾರಿಯಲ್ಲಿರುವ ಊರು. ಒಂದು ಕಾಲದಲ್ಲಿ ಕಾಫಿಯನ್ನು ಹದಮಾಡುವ ಕಾರ್ಖಾನೆಗೂ ಅಮೃತಮಹಲಿನ ಎತ್ತುಗಳಿಗೂ ಹೆಸರಾಗಿದ್ದುದು. ತೋಟದ ಬಂಗಲೆಗಳು ಕೈಬದಲಾದಾಗ ಮೇಜು ಕುರ್ಚಿಗಳೊಡನೆ ಪುಸ್ತಕಗಳೂ ಇಳಿದು ಬಂದುವು. ಅವು ಮೈಸೂರಿನ ಹಳೆಯ ಪುಸ್ತಕದ ಅಂಗಡಿಗಳನ್ನು ಮುಟ್ಟುವಷ್ಟರಲ್ಲಿ ಗೆದ್ದಲು ತನ್ನ ಪಾಲನ್ನು ತೆಗೆದುಕೊಂಡಿರುತ್ತಿತ್ತು. ಬಟ್ಟೆಯ ರಟ್ಟು, ಮಡಿಸಿದ ಚಿತ್ರಪಟ, ಮದ್ರಾಸಿನ ವ್ಯಾಪಾರಿಯ ಚೀಟಿ, ಮಳೆಗಾಲದ ಬೂಷ್ಟು ಇವುಗಳಲ್ಲಿ ಯಾವುದನ್ನೂ ಇಂದು ಗಣಕಯಂತ್ರದ ತೆರೆಯ ಮೇಲೆ ಬೆಲೆಯಿಲ್ಲದೆ ಓದಲು ಸಿಗುವ ಪ್ರತಿಯು ಕೊಡಲಾರದು. ಓದಿಗೆ ಮಾತ್ರ ಅದರಿಂದ ಕೊರತೆಯಿಲ್ಲ. ಸಂಗ್ರಾಹಕರಿಗೆ ಮೊದಲ ಮುದ್ರಣದ ಮೋಹವು ಬಹಳ. ಅದು ರತ್ನಪರೀಕ್ಷಕರ ಮೋಹ, ವಾಚಕರದಲ್ಲ. ಥಾಮಸನು ಎರಡು ಸಲ ತಿದ್ದಿ ಬೆಳಸಿದುದನ್ನು ಬಿಟ್ಟು ಮೊದಲಿನದಕ್ಕೆ ಹತ್ತರಷ್ಟು ಬೆಲೆ ಕೊಡುವವರಿಗೆ ಗ್ರಂಥದಲ್ಲಿ ಏನಿದೆಯೆಂದು ಕೇಳಿ ನೋಡಿರಿ! ನನ್ನಲ್ಲಿರುವುದು ೧೮೮೧ರ ಮುದ್ರಣದ ಹರಿದ ಪ್ರತಿ. ಅದರ ಅಂಚಿನಲ್ಲಿ ಯಾರೋ ಹೆಸರಿಲ್ಲದವನು ಸೀಸದ ಕಡ್ಡಿಯಿಂದ ನೀರಿನ ಬಣ್ಣವನ್ನು ಬರೆದಿಟ್ಟಿದ್ದಾನೆ: ಕೆಂಪು, ಕೆಂಪು, ತಿಳಿ, ಕೆಂಪು. ಹಿಡಿದ ಮೀನಿನ ಲೆಕ್ಕವು ಒಂದೂ ಇಲ್ಲ.

ಇನ್ನು ನನ್ನಂಥವರ ಓದಿಗೆ ಹತ್ತಿರವಾದ ಗ್ರಂಥಗಳಿಗೆ ಬರೋಣ. ಪಾಠಶಾಲೆಯ ಹುಡುಗರು ಅಮರಕೋಶದ ಪ್ರಥಮಕಾಂಡದ ವಾರಿವರ್ಗವನ್ನು ಬೆಳಗಿನ ಜಾವದಲ್ಲಿ ಕಂಠಪಾಠ ಮಾಡುವರು. ಪಾಠೀನ, ರೋಹಿತ, ಶಕುಲ, ಮದ್ಗುರ, ಶಫರೀ, ಚಿಲಿಚಿಮ ಎಂದು ಮೀನುಗಳ ಹೆಸರುಗಳು ಅಲ್ಲಿ ಮಾಲೆಯಾಗಿ ಬರುತ್ತವೆ. ಗಾಳಕ್ಕೆ ಬಡಿಶವೆಂದೂ, ಬೆಸ್ತನಿಗೆ ಕೈವರ್ತ, ದಾಶ, ಧೀವರ ಎಂದೂ, ಮೀನಿನ ಬುಟ್ಟಿಗೆ ಕುವೇಣಿಯೆಂದೂ ಹೆಸರುಂಟು. ಹೆಸರುಗಳೆಲ್ಲವೂ ಬಾಯಲ್ಲಿ, ಮೀನು ಒಂದೂ ಕಣ್ಣಿನಲ್ಲಿಲ್ಲ. ಮನುಸ್ಮೃತಿಯ ಶ್ರಾದ್ಧಪ್ರಕರಣದಲ್ಲಿ ಬರುವ ಮಹಾಶಲ್ಕ, ಅಂದರೆ ದೊಡ್ಡ ಹುರುಪೆಯ ಮೀನು, ಯಾವುದೆಂದು ಕೇಳಿದರೆ ಗುರುಗಳು ಮತ್ಸ್ಯವಿಶೇಷವೆಂದು ಹೇಳಿ ಮುಂದಿನ ಶ್ಲೋಕಕ್ಕೆ ಹೋಗುವರು. ನಮ್ಮ ವ್ಯಾಖ್ಯಾನಕಾರರ ಎಷ್ಟೋ ಕಷ್ಟಗಳನ್ನು ಈ ‘ವಿಶೇಷ’ ಎಂಬ ಒಂದು ಶಬ್ದವು ಪರಿಹರಿಸಿದೆ.

ಶಬ್ದಕ್ಕೂ ಮೀನಿಗೂ ಗಂಟುಹಾಕಿದವನು ಫ್ರಾನ್ಸಿಸ್ ಬುಕನನ್ನನು. ಟೀಪುವಿನ ಮರಣಾನಂತರ ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿ, ಪಿರಿಯಾಪಟ್ಟಣವೇ ಮೊದಲಾದ ನಮ್ಮ ಊರುಗಳ ಸ್ಥಿತಿಯನ್ನು ೧೮೦೭ರ ತನ್ನ ಮೂರು ಸಂಪುಟಗಳಲ್ಲಿ ಬರೆದ ಬುಕನನ್ನನೇ ೧೮೨೨ರಲ್ಲಿ ಗಂಗಾನದಿಯ ಮೀನುಗಳ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದನು. ಹೊಸ ಮೀನಿಗೆ ಲ್ಯಾಟಿನ್ ಹೆಸರಿಡುವಾಗ ಅವನು ಅನೇಕ ಕಡೆ ಅಲ್ಲಿನ ಜನರ ಬಾಯಿಮಾತನ್ನೇ ಎತ್ತಿಕೊಂಡನು. ಕಾಟ್ಲ, ತೋರ್, ರೋಹಿತ ಎಂಬುವು ಇಂದಿಗೂ ಜಗತ್ತಿನ ಪ್ರಾಣಿಶಾಸ್ತ್ರದಲ್ಲಿ ನಡೆಯುತ್ತಿರುವ ಹೆಸರುಗಳು. ಅಮರಸಿಂಹನ ರೋಹಿತವು ಬೆಸ್ತರ ಬಾಯಲ್ಲಿ ರೋಹುವಾಗಿ, ಬುಕನನ್ನನ ಲೇಖನಿಯಲ್ಲಿ ಮತ್ತೆ ರೋಹಿತವಾಯಿತು. ಆ ಮೀನು ನಮ್ಮ ಕಾವೇರಿಯದಲ್ಲ, ಉತ್ತರದೇಶದ್ದು. ನಮ್ಮ ಕೆರೆಗಳಿಗೆ ಇಪ್ಪತ್ತನೆಯ ಶತಮಾನದಲ್ಲಿ ತಂದು ಬಿಟ್ಟುದು. ಹುಣಸೂರಿನ ಸಂತೆಯಲ್ಲಿ ಇಂದು ಅದನ್ನು ಕೊಳ್ಳುವವರು ಕಾಳಿದಾಸನ ಮೀನನ್ನೇ ಕೊಳ್ಳುತ್ತಿದ್ದಾರೆ. ಶಕುಂತಲೆಯ ಉಂಗುರವನ್ನು ನುಂಗಿದುದು ರೋಹಿತವೇ.

ಗಾಳದ ಗ್ರಂಥಗಳಲ್ಲಿ ನಮ್ಮ ನಾಡಿನ ಅತ್ಯಂತ ಹಳೆಯದು ಇಂಗ್ಲಿಷರದಲ್ಲ, ಕನ್ನಡ ರಾಜನೊಬ್ಬನದು. ಕಲ್ಯಾಣದ ಚಾಲುಕ್ಯವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೂರನೆಯ ದಶಕದ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥಚಿಂತಾಮಣಿ’ಯು ಐದು ವಿಂಶತಿಗಳ, ನೂರು ಅಧ್ಯಾಯಗಳ ಮಹಾಗ್ರಂಥ. ಅದರ ವಿನೋದವಿಂಶತಿಯಲ್ಲಿ ಮತ್ಸ್ಯವಿನೋದವೆಂಬುದು ಒಂದು. ಇಂಗ್ಲಿಷಿನ ಮೊದಲ ಅಚ್ಚಿನ ಗ್ರಂಥಕ್ಕಿಂತ ಇದು ಮುನ್ನೂರೈವತ್ತು ವರ್ಷಗಳಿಗೂ ಹಿಂದಿನದು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಶಾಮಶಾಸ್ತ್ರಿಗಳು ೧೯೨೬ರಲ್ಲಿ ಮೈಸೂರಿನಿಂದ ಮಾನಸೋಲ್ಲಾಸದ ಮೊದಲ ಭಾಗವನ್ನು ಪ್ರಕಟಿಸಿದರು. ಮತ್ಸ್ಯವಿನೋದವುಳ್ಳ ಭಾಗವು ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಶ್ರೀಗೊಂಡೇಕರರ ಸಂಪಾದಕತ್ವದಲ್ಲಿ ೧೯೩೯ರಲ್ಲಿ ಹೊರಬಂದಿತು. ಅದನ್ನು ಮೀನುಬಲ್ಲವರ ಕಣ್ಣಿನಿಂದ ಮೊದಲು ಓದಿದವರು ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು. ೧೯೫೧ರಲ್ಲಿ ಅವರ ಲೇಖನವು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಸೋಮೇಶ್ವರನು ಮೀನುಗಳನ್ನು ಸಮುದ್ರದವು, ನದಿಯವು ಎಂದೂ, ಹುರುಪೆಯುಳ್ಳವು, ಇಲ್ಲದವು ಎಂದೂ, ದೊಡ್ಡವು, ಸಣ್ಣವು ಎಂದೂ ವಿಭಾಗಿಸುತ್ತಾನೆ. ಯಾವುದಕ್ಕೆ ಯಾವ ಆಹಾರವನ್ನು ಹಾಕಿ ಬೆಳಸಬೇಕು, ಯಾವುದಕ್ಕೆ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸ ಎಂಬುದನ್ನು ಹೇಳಿ, ಕೋಲು, ದಾರ, ಗಾಳಗಳಿಗೆ ಬರುತ್ತಾನೆ. ನೋಟವು ಸ್ಫುಟವಾದುದು. ಆದರೆ ಥಾಮಸನನ್ನು ಓದಿ ಇದನ್ನು ಓದಿದವನಿಗೆ ಒಂದು ಕೊರತೆಯು ಕಾಣದಿರದು. ಇಲ್ಲಿ ‘ನಾನು’ ಎಂಬುವನಿಲ್ಲ. ಎಲ್ಲವೂ ವಿಧಿಲಿಙ್ಗಿನಲ್ಲಿದೆ: ಹಾಕಬೇಕು, ಎಳೆಯಬೇಕು, ಹಿಡಿಯಬೇಕು. ಮಳೆ ಬಂದು ಕೆಟ್ಟ ದಿನವಿಲ್ಲ, ದಾರವು ಕಡಿದ ಗಳಿಗೆಯಿಲ್ಲ. ಇಂಗ್ಲಿಷ್ ಗ್ರಂಥಗಳ ನಾಯಕನು ಯಾವಾಗಲೂ ತಪ್ಪಿಸಿಕೊಂಡ ಮೀನು. ಅದರ ತೂಕವು ಓದಿದಷ್ಟೂ ಬೆಳೆಯುತ್ತಿರುವುದು. ಮತ್ಸ್ಯವಿನೋದದಲ್ಲಿ ಒಂದು ಮೀನೂ ತಪ್ಪಿಸಿಕೊಳ್ಳುವುದಿಲ್ಲ. ಗಾಳವನ್ನು ಹಾಕುವವನು ಚಕ್ರವರ್ತಿಯಾದ ಮೇಲೆ ಅದು ತಪ್ಪಿಸಿಕೊಳ್ಳುವುದಾದರೂ ಹೇಗೆ? ಶಾಸ್ತ್ರವಾಗಿ ಸೋಮೇಶ್ವರನದು ಮೇಲು, ಓದುವ ಗ್ರಂಥವಾಗಿ ಥಾಮಸನದು ಮೇಲು. ನಮ್ಮವನೆಂಬ ಅಭಿಮಾನದಿಂದ ಈ ತೀರ್ಪನ್ನು ತಿದ್ದಲಾರೆ.

ಥಾಮಸನ ತರುವಾಯದವರಲ್ಲಿ ಹಲವರಿಗೆ ತಕ್ಕಡಿಯೇ ಸರಸ್ವತಿ. ೧೯೧೯ರಲ್ಲಿ ಕಾವೇರಿಯಲ್ಲಿ ೧೧೯ ಪೌಂಡಿನ ಮೀನು. ೧೯೪೬ರ ಮಾರ್ಚಿಯಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ೧೨೦ ಪೌಂಡಿನ ಮೀನು. ಎರಡನೆಯದು ಐವತ್ತನಾಲ್ಕು ಕಿಲೋಗ್ರಾಮಿಗೂ ಮೇಲು, ಒಬ್ಬ ಮನುಷ್ಯನ ತೂಕ. ನಮ್ಮ ಕವಿಗಳಾಗಿದ್ದರೆ ಇದನ್ನು ತಿಮಿಂಗಿಲದೊಡನೆ ಹೋಲಿಸಿ ಬಿಡುತ್ತಿದ್ದರು; ಇವರು ಪೌಂಡನ್ನು ಹೇಳಿ ಸುಮ್ಮನಾದರು. ಅತಿಶಯೋಕ್ತಿಯಿಲ್ಲದ ಈ ಅತಿಶಯದಲ್ಲಿ ಒಂದು ಬಗೆಯ 				ಬೆರಗುಂಟು. ೧೯೪೮ರಲ್ಲಿ ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಪ್ರಕಟಿಸಿದ ಮ್ಯಾಕ್‌ಡೊನಾಲ್ಡನ ಗ್ರಂಥವು ಕೈಪಿಡಿಯಾಗಿ ಒಳ್ಳೆಯದು, ಓದಿಗೆ ಒಣಗಿದುದು. ಹುಲಿಯ ಕಥೆಗಳಿಂದ ಪ್ರಸಿದ್ಧನಾದ ಜಿಮ್ ಕಾರ್ಬೆಟ್ಟನು ೧೯೪೪ರ ತನ್ನ ಮೊದಲ ಪುಸ್ತಕದಲ್ಲಿ ಒಂದೇ ಒಂದು ಅಧ್ಯಾಯವನ್ನು ಮಹಾಶೀರಿಗೆ ಮೀಸಲಿಟ್ಟನು. ಇಡೀ ಕೈಪಿಡಿಗಳು ಸಾಧಿಸಲಾರದುದನ್ನು ಆ ಕೆಲವು ಪುಟಗಳು ಸಾಧಿಸಿವೆ.

ಇಷ್ಟು ಪುಸ್ತಕಗಳಿಗೆ ವಸ್ತುವಾದ ಕಾವೇರಿಯ ಮಹಾಮೀನಿಗೆ, ಡುಬ್ಬದ ಬೆನ್ನಿನ ಕಿತ್ತಳೆ ರೆಕ್ಕೆಯ ಆ ಮೀನಿಗೆ, ೨೦೧೮ರವರೆಗೆ ಶಾಸ್ತ್ರದಲ್ಲಿ ನಿಶ್ಚಿತವಾದ ಹೆಸರೇ ಇರಲಿಲ್ಲವೆಂದರೆ ವಾಚಕರು ನಂಬುವರೆ? ಗಾಳಗಾರರು ಅದನ್ನು ತೂಗಿದರು, ಅದರೊಡನೆ ನಿಂತು ಭಾವಚಿತ್ರ ತೆಗೆಯಿಸಿಕೊಂಡರು. ಪಂಡಿತರು ಅದನ್ನು ಒಮ್ಮೆ ಒಂದು ಹೆಸರಿನಿಂದ, ಮತ್ತೊಮ್ಮೆ ಮತ್ತೊಂದರಿಂದ ಕರೆದರು. ಕೇರಳದ ಪಾಂಬಾರು ಹೊಳೆಯಿಂದ ೨೦೦೭ರಲ್ಲಿ ವರ್ಣಿತವಾದ ತೋರ್ ರೇಮಾದೇವಿ ಎಂಬ ಮೀನೂ ಇದೂ ಒಂದೇ ಎಂದು ೨೦೧೮ರಲ್ಲಿ ತೀರ್ಮಾನವಾಯಿತು; ಅದೇ ವರ್ಷ ಅದನ್ನು ವಿನಾಶದ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು. ನಾಮಕರಣವೂ ಚರಮಪತ್ರವೂ ಒಟ್ಟಿಗೆ ಬಂದಂತಾಯಿತು. ಕೃಷ್ಣರಾಜಸಾಗರದ ಕಟ್ಟೆ ೧೯೩೧ರಲ್ಲಿ ಮುಗಿಯಿತು. ಹೆಗ್ಗಡದೇವನಕೋಟೆಯ ಸೀಮೆಯ ಬೀಚನಹಳ್ಳಿಯಲ್ಲಿ ಕಬಿನಿಯ ಕಟ್ಟೆ ೧೯೭೪ರಲ್ಲಿ ಆಯಿತು. ಕಟ್ಟೆಗಳು ನಮಗೆ ಗದ್ದೆಯನ್ನು ಕೊಟ್ಟುವು, ಮೀನಿಗೆ ಮೇಲೇರುವ ದಾರಿಯನ್ನು ಕಟ್ಟಿದುವು. ಸಿಡಿಮದ್ದು ನಿಲ್ಲಲಿಲ್ಲ. ಒಳ್ಳೆಯದಾಗಲೆಂದೇ ಬೇರೆ ಕಡೆಯಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಾಶೀರಿನ ಮರಿಗಳು ಬೆಳೆದು ಈ ಹೊಳೆಯ ಹಳೆಯ ಒಕ್ಕಲನ್ನು ಎಬ್ಬಿಸಿದುವು.

ಇದು ತಿಳಿದುದು ಹೇಗೆ ಎಂಬುದೇ ನಮ್ಮ ವಿಷಯಕ್ಕೆ ಮುಖ್ಯ. ಕಾವೇರಿಯ ಕೆಳಭಾಗದ ಗಾಲಿಬೋರೆಯ ಬಿಡಾರದಲ್ಲಿ ೧೯೯೮ರಿಂದ ೨೦೧೨ರವರೆಗೆ ಗಾಳಗಾರರು ಮೀನನ್ನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಟ್ಟು, ದಿನಚರಿಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ವಿದ್ವಾಂಸರು ೨೦೧೫ರಲ್ಲಿ ಆ ದಿನಚರಿಗಳನ್ನು ಸಾಲಾಗಿಟ್ಟು ನೋಡಿದಾಗ ಒಂದು ಜಾತಿಯು ಹೆಚ್ಚುತ್ತಿರುವುದೂ ಮತ್ತೊಂದು ಅಡಗುತ್ತಿರುವುದೂ ಕಂಡುಬಂದಿತು. ಯಾವ ಸರ್ಕಾರದ ಕಡತದಲ್ಲಿಯೂ ಇಲ್ಲದ ಸಾಕ್ಷ್ಯವು ಹವ್ಯಾಸಿಗಳ ಟಿಪ್ಪಣಿಯಲ್ಲಿತ್ತು. ನನ್ನ ಹರಿದ ಪ್ರತಿಯ ಅಂಚಿನಲ್ಲಿ ನೀರಿನ ಬಣ್ಣವನ್ನು ಬರೆದಿಟ್ಟವನನ್ನು ಅಂದಿನಿಂದ ನಾನು ಲೇವಡಿಮಾಡುವುದಿಲ್ಲ. ಗಾಳವೇ ಇಲ್ಲದೆ ಮೀನನ್ನು ಉಳಿಸಿದ ಸ್ಥಳವೂ ನಮ್ಮ ಸಮೀಪದಲ್ಲಿಯೇ ಉಂಟು: ಗಡಿಯಾಚೆಯ ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿ ದೇವರ ಮೀನೆಂದು ಜನರು ಪುರಿ ಚೆಲ್ಲುವರೇ ಹೊರತು ಮುಟ್ಟರು. ೧೮೯೭ರ ಶಾಸನಕ್ಕಿಂತ ಆ ಭಯವು ಹೆಚ್ಚು ಕೆಲಸಮಾಡಿದೆ.

ಈಗ ಈ ಗ್ರಂಥಗಳೆಲ್ಲಕ್ಕೂ ಸಾಧಾರಣವಾದ ಒಂದು ದೋಷವನ್ನು ಹೇಳಬೇಕು. ಸೋಮೇಶ್ವರನಾಗಲಿ ಥಾಮಸನಾಗಲಿ, ಯಾವ ಮಡುವಿನಲ್ಲಿ ಯಾವ ಕಾಲಕ್ಕೆ ಯಾವ ಮೀನು ಎಂಬುದನ್ನು ತಾವಾಗಿ ಕಂಡುಹಿಡಿದವರಲ್ಲ. ಹೇಳಿದವನು ಬೆಸ್ತನು. ಹರಿಗೋಲನ್ನು ತಿರುಗಿಸಿದವನು ಅವನು. ಮಹಾಶೀರಿಗೆ ಕಾವೇರಿಯ ಗಾಳಗಾರರೆಲ್ಲರೂ ಕಟ್ಟುವ ರಾಗಿಹಿಟ್ಟಿನ ಉಂಡೆಯು ಅವನ ಮನೆಯ ಒಲೆಯಿಂದ ಬಂದುದು. ಮೀನಿಗೆ ಲ್ಯಾಟಿನ್ನಿನಲ್ಲಿ ಎರಡೆರಡು ಹೆಸರುಗಳನ್ನು ಕೊಡುವ ಈ ಪುಸ್ತಕಗಳಲ್ಲಿ ಅವನಿಗೆ ಒಂದು ಹೆಸರೂ ಇಲ್ಲ. ಆಳು, ಹುಡುಗ, ಅಂಬಿಗ ಎಂದು ಬಂದು ಹೋಗುವನು. ಚಕ್ರವರ್ತಿಯ ಗ್ರಂಥದಲ್ಲಿ ಅಷ್ಟೂ ಇಲ್ಲ. ಇಲ್ಲಿ ಕಾಳಿದಾಸನು ನೆನಪಾಗುವನು. ಶಾಕುಂತಲದ ಆರನೆಯ ಅಂಕದಲ್ಲಿ ಕೈಕಟ್ಟಿಸಿಕೊಂಡು ಬರುವ ಧೀವರನು ಕಾವಲಿನವರ ಹೊಡೆತವನ್ನೂ ಹಾಸ್ಯವನ್ನೂ ತಿನ್ನುತ್ತ, ಹುಟ್ಟಿನಿಂದ ಬಂದ ಕಸುಬನ್ನು ಹೀನವೆಂದು ಬಿಡಲಾಗದೆಂದು ತನ್ನ ಪ್ರಾಕೃತದಲ್ಲಿಯೇ ಉತ್ತರ ಕೊಡುತ್ತಾನೆ. ಅವನಿಗೂ ಹೆಸರಿಲ್ಲ, ಆದರೆ ಮಾತುಂಟು, ಮಾನವುಂಟು, ಎಲ್ಲಿ ಹಿಡಿದೆ, ಹೇಗೆ ಕೊಯ್ದೆ ಎಂಬ ವಿವರವುಂಟು. ಅವನು ಬಾರದಿದ್ದರೆ ರಾಜನಿಗೆ ನೆನಪು ಬರುವುದಿಲ್ಲ, ನಾಟಕವು ಮುಂದೆ ಹೋಗುವುದಿಲ್ಲ. ಹತ್ತು ನಿಮಿಷಗಳ ಆ ಪ್ರವೇಶಕ್ಕೆ ಸಮನಾದ ಪುಟವು ನಾನು ಕೂಡಿಹಾಕಿದ ಕಪಾಟಿನಲ್ಲಿ ಒಂದೂ ಇಲ್ಲ.

ಕನ್ನಡದಲ್ಲಿ ಈ ದಿಕ್ಕಿಗೆ ಬಾಗಿಲು ತೆರೆದವರು ಪೂರ್ಣಚಂದ್ರ ತೇಜಸ್ವಿಯವರು. ಗಾಳದ ಹುಚ್ಚನ್ನು ಮುಚ್ಚಿಡದೆ, ಅದನ್ನು ಸಾಹಸವೆಂದು ಬೀಗದೆ, ೧೯೯೦ರ ಅಂಡಮಾನಿನ ಪ್ರವಾಸಕಥನದಲ್ಲಿ ಅವರು ಬರೆದ ಗದ್ಯದಲ್ಲಿ ಮೀನು ಹಿಡಿಯುವ ಜನರು ತಮ್ಮ ಮಾತಿನಲ್ಲಿಯೇ ಮಾತನಾಡುತ್ತಾರೆ. ಅವರ ನಗೆಯು ಕೆಲವೆಡೆ ವಸ್ತುವನ್ನು ಮೀರಿ ಓಡುವುದುಂಟು. ನನ್ನಂಥ ಹಳಬರಿಗೆ ಅದು ಸ್ವಲ್ಪ ಅತಿಯೆನಿಸಬಹುದು. ಆದರೆ ‘ನಾನು’ ಎಂಬುವನೂ ‘ಅವನು’ ಎಂಬುವನೂ ಒಂದೇ ದಡದಲ್ಲಿ ಕುಳಿತುದು ಮೊದಲು ಅಲ್ಲಿಯೇ. ಅದು ಕಡಲಿನ ಕಥೆ. ಲಕ್ಷ್ಮಣತೀರ್ಥ, ಕಾವೇರಿ, ಕಬಿನಿಗಳನ್ನು ಕುರಿತು, ಬೀಸುಬಲೆ ಕೂಳಿಗಳನ್ನು ಬಲ್ಲವರ ಬಾಯಿಂದ ಬಂದ ಪುಸ್ತಕವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಅದು ಸಿಕ್ಕುವವರೆಗೆ ಅಮರಕೋಶದ ವಾರಿವರ್ಗದ ಅಂಚಿನಲ್ಲಿಯೇ ಬರೆಯುತ್ತಿದ್ದೇನೆ. ಚುಂಚನಕಟ್ಟೆಯ ಬಳಿಯೂ ಕಬಿನಿಯ ಹಿನ್ನೀರಿನ ದಡದಲ್ಲಿಯೂ ಬಲೆ ಒಣಗಹಾಕುವವರನ್ನು ಕೇಳಿ, ಸಂಸ್ಕೃತದ ಹೆಸರಿನ ಎದುರಿಗೆ ಅವರ ಹೆಸರನ್ನು ಇಟ್ಟಿದ್ದೇನೆ. ಪಾಠೀನಕ್ಕೆ ಬಾಳೆಮೀನು, ಶಕುಲಕ್ಕೆ ಕೊರವ, ಶೃಂಗಿಗೆ ಚೇಳುಮೀನು, ಶಫರಿಗೆ ಸಣ್ಣಗೆಂಡೆ. ಅವರಲ್ಲಿ ಹಿರಿಯರೊಬ್ಬರು ನನ್ನ ಪುಸ್ತಕವನ್ನು ಕೈಗೆ ತೆಗೆದುಕೊಂಡು, “ಇದನ್ನ ಬರೆದೋರು ಮೀನು ಹಿಡೀತಿದ್ರಾ ಸ್ವಾಮಿ?” ಎಂದು ಕೇಳಿದರು. ಇಲ್ಲವೆಂದೆನು. “ಹಂಗಾದ್ರೆ ನಮ್ಮೋರ್ನ ಕೇಳೇ ಬರ್ದವ್ರೆ” ಎಂದರು. ಚಿಲಿಚಿಮದ ಎದುರಿಗೂ ರಾಜೀವದ ಎದುರಿಗೂ ಸ್ಥಳವು ಇನ್ನೂ ಖಾಲಿಯಾಗಿದೆ.